ಕುದುರೆ ಬಂಡಿಯ ಹಿಂದೆ ಕಟ್ಟುವ ಕ್ಯಾಂಪಿಂಗ್ ಟ್ರೇಲರ್: ದೋಷ ಹುಡುಕಿ ಸರಿಪಡಿಸುವ ಕೈಪಿಡಿ

ಟ್ರೇಲರ್‌ನಲ್ಲಿ ಏನು ಕೆಟ್ಟರೂ ಮೊದಲು ಗೊತ್ತಾಗುವುದು ಕುದುರೆಗೆ. ಕಾರಿನ ಹಿಂದೆ ಕಟ್ಟಿದ ಟ್ರೇಲರ್‌ನ ಬ್ರೇಕ್ ಸ್ವಲ್ಪ ಹಿಡಿದುಕೊಂಡಿದ್ದರೆ ಎಂಜಿನ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕುದುರೆಯಾದರೆ ಬೇಗ ಬೆವರುತ್ತದೆ, ಏರಿನಲ್ಲಿ ನಿಂತುಬಿಡುತ್ತದೆ, ಇಳಿಜಾರಿನಲ್ಲಿ ಹಿಂಜರಿಯುತ್ತದೆ, ಅದರ ಹೆಗಲು ಹುಣ್ಣಾಗುತ್ತದೆ. ಅಂಥ ಹೊತ್ತಿನಲ್ಲಿ ಕುದುರೆ ಮೊಂಡು ಎಂದು ಲಗಾಮು ಜಗ್ಗುವುದು ಅನ್ಯಾಯ. ಮೊದಲು ಟ್ರೇಲರ್ ಬಿಚ್ಚಿ ಅಳೆಯಿರಿ.

ಇಲ್ಲಿನ ಅಂಕಿಗಳೆಲ್ಲ ಒಂದು ಮಾದರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಕೊಟ್ಟವು: ನಾಲ್ಕು ಚಕ್ರದ ಬಂಡಿ, ಅದರ ಹಿಂದೆ ಒಂದೇ ಅಚ್ಚಿನ ಎರಡು ಚಕ್ರದ ಟ್ರೇಲರ್, ನೆಲ ಸುಮಾರು 2.2 ಮೀಟರ್ ಉದ್ದ, 1.3 ಮೀಟರ್ ಅಗಲ, 13 ಇಂಚಿನ ಕಾರ್ ಚಕ್ರಗಳು, ಸಾಮಾನು ತುಂಬಿದಾಗ ಒಟ್ಟು 300 ಕೆಜಿ. ಎರಡು ಚಕ್ರದ ಗಾಡಿಯ ಹಿಂದೆ ಟ್ರೇಲರ್ ಕಟ್ಟಲೇಬೇಡಿ. ಕೊಂಡಿಯ ಮೇಲೆ ಬೀಳುವ ಭಾರ ಗಾಡಿಯ ಹಿಂಭಾಗವನ್ನು ಕೆಳಗೆ ಒತ್ತಿ ಮುಂದಿನ ದಂಡಗಳನ್ನು ಮೇಲೆತ್ತುತ್ತದೆ, ಹೊಟ್ಟೆಪಟ್ಟಿ ಕುದುರೆಯ ಎದೆಯಡಿಗೆ ಕಚ್ಚಿಕೊಳ್ಳುತ್ತದೆ. ಅದು ಕಟ್ಟುವ ಕ್ರಮದಲ್ಲೇ ಇರುವ ತಪ್ಪು, ಯಾವ ರಿಪೇರಿಯಿಂದಲೂ ಸರಿಹೋಗುವುದಿಲ್ಲ.

ಬೇಕಾಗುವ ಸಲಕರಣೆ ಹೆಚ್ಚೇನಿಲ್ಲ: 100 ಕೆಜಿ ತೂಗುವ ನೇತಾಡುವ ತ್ರಾಸು, ಮೈತೂಕ ನೋಡುವ ತ್ರಾಸು, 5 ಮೀಟರ್ ಟೇಪು, ಜಾಕ್, ಅಚ್ಚಿಗೆ ಕೊಡುವ ಎರಡು ಸ್ಟ್ಯಾಂಡು, ಚಕ್ರಕ್ಕೆ ಕೊಡುವ ಮರದ ಅಡೆಗಳು, ದಾರ, ಸೀಮೆಸುಣ್ಣ, ಸೀಮೆಎಣ್ಣೆ. ಯಾವ ಪರೀಕ್ಷೆಯನ್ನೂ ಕುದುರೆ ಕಟ್ಟಿರುವಾಗ ಮಾಡಬಾರದು. ಕಟ್ಟುವಾಗ ಕುದುರೆ ಕೊನೆಗೆ, ಬಿಚ್ಚುವಾಗ ಕುದುರೆ ಮೊದಲು.

ಎಳೆತ ಭಾರವಾಗಿದೆ

ಟ್ರೇಲರನ್ನು ಬಂಡಿಯಿಂದ ಬಿಚ್ಚಿ ಮಟ್ಟವಾದ ಕಾಂಕ್ರೀಟ್ ನೆಲಕ್ಕೆ ತನ್ನಿ. ಒಬ್ಬರು ಎಳೆದಂಡದ ಮೂತಿಯನ್ನು (ಬಂಡಿಗೆ ಸಿಕ್ಕಿಸುವ ಮುಂದಿನ ತುದಿ) ಎತ್ತಿ ಹಿಡಿಯಲಿ, ಇನ್ನೊಬ್ಬರು ಮೂತಿಗೆ ಸಿಕ್ಕಿಸಿದ ನೇತಾಡುವ ತ್ರಾಸಿನ ಮೂಲಕ ನಡಿಗೆಯ ವೇಗದಲ್ಲಿ ಎಳೆಯಲಿ. ಹೊರಡುವಾಗಿನ ಅಂಕಿ ಬೇಡ, ಒಂದೇ ಸಮನೆ ಉರುಳುತ್ತಿರುವಾಗಿನ ಅಂಕಿ ನೋಡಿ. ಅದೇ ದಾರಿಯಲ್ಲಿ ಎದುರು ದಿಕ್ಕಿಗೂ ಎಳೆದು ಸರಾಸರಿ ತೆಗೆಯಿರಿ, ಕಣ್ಣಿಗೆ ಕಾಣದ ಇಳಿಜಾರಿನ ಪ್ರಭಾವ ಹೀಗೆ ಕಳೆದುಹೋಗುತ್ತದೆ.

300 ಕೆಜಿಯ ಆರೋಗ್ಯವಂತ ಟ್ರೇಲರ್ ಕಾಂಕ್ರೀಟ್ ಮೇಲೆ ಸುಮಾರು 4ರಿಂದ 6 ಕೆಜಿ ಎಳೆತ ಕೇಳುತ್ತದೆ. ಗಟ್ಟಿ ಜಲ್ಲಿ ರಸ್ತೆಯಲ್ಲಿ 6ರಿಂದ 9, ಹುಲ್ಲಿನ ನೆಲದಲ್ಲಿ 15ರಿಂದ 25. ಸಡಿಲ ಮರಳಿನಲ್ಲಿ 45 ದಾಟಿದರೂ ಅದು ನೆಲದ ಗುಣ, ಟ್ರೇಲರ್ ಕೆಟ್ಟಿಲ್ಲ. ಕಾಂಕ್ರೀಟ್ ಮೇಲೆಯೇ 10 ಕೆಜಿ ದಾಟಿತೆಂದರೆ ಎಲ್ಲೋ ಏನೋ ಹಿಡಿದುಕೊಂಡಿದೆ.

ಚಕ್ರದ ನಡುವಿನ ಗುಂಬ (ಹಬ್) ಮುಟ್ಟಿ ನೋಡಿ ಬಿಸಿಯಿಲ್ಲವೆಂದು ಸಮಾಧಾನಪಡುವವರು ಬಹಳ. ಕುದುರೆಯ ವೇಗಕ್ಕೆ ಆ ಪರೀಕ್ಷೆ ಹೊಂದುವುದಿಲ್ಲ. 5 ಕೆಜಿಯ ಹೆಚ್ಚುವರಿ ಎಳೆತ ಗಂಟೆಗೆ 6 ಕಿಲೋಮೀಟರ್ ವೇಗದಲ್ಲಿ ಹುಟ್ಟಿಸುವ ಶಾಖ ಸುಮಾರು 80 ವ್ಯಾಟ್ ಅಷ್ಟೇ. ಅದು ಎರಡು ಬ್ರೇಕ್ ಡ್ರಮ್ಮುಗಳಿಗೆ ಹಂಚಿಹೋದರೆ ಕೈಗೆ ಉಗುರುಬೆಚ್ಚಗೂ ತಾಗುವುದಿಲ್ಲ. ಕುದುರೆಗೆ ಆ 5 ಕೆಜಿ ದಿನವಿಡೀ ಹೊರೆ. ಇಷ್ಟು ನಿಧಾನದ ಓಡಾಟದಲ್ಲೂ ಗುಂಬ ಮುಟ್ಟಲಾಗದಷ್ಟು ಬಿಸಿಯಾಗಿದ್ದರೆ ಅಲ್ಲಿಂದ ಮುಂದೆ ಹೋಗಬೇಡಿ, ಬೇರಿಂಗ್ ಪುಡಿಯಾಗುವ ಹಂತದಲ್ಲಿದೆ.

ಎಳೆತ ಹೆಚ್ಚಿದ್ದರೆ ಒಂದೊಂದೇ ಚಕ್ರವನ್ನು ಜಾಕ್ ಮೇಲೆತ್ತಿ ಕೈಯಿಂದ ತಿರುಗಿಸಿ. ಬಿಟ್ಟ ಮೇಲೆ ಚಕ್ರ ಒಂದೆರಡು ಸುತ್ತು ತಾನಾಗಿ ತಿರುಗಬೇಕು. ತಿರುಗದಿದ್ದರೆ ಡ್ರಮ್ಮನ್ನು ಒಳಗಿನಿಂದ ಒತ್ತುವ ಬ್ರೇಕ್ ಶೂ ಅಥವಾ ಬೇರಿಂಗ್, ಎರಡರಲ್ಲೊಂದು. ಬೇರೆ ಮಾಡಿ ನೋಡುವುದು ಸುಲಭ: ಬ್ರೇಕ್ ಕೇಬಲ್ಲನ್ನು ಚಕ್ರದ ಬಳಿ ಕಳಚಿ ಮತ್ತೆ ತಿರುಗಿಸಿ. ಈಗ ಹಗುರಾದರೆ ದೋಷ ಕೇಬಲ್ಲಿನಲ್ಲಿ. ತಂತಿ ಕೊಳವೆಯೊಳಗೆ ತುಕ್ಕು ಹಿಡಿದು ಹಿಂದಕ್ಕೆ ಸರಿಯುತ್ತಿಲ್ಲ, ಹೊಸ ಕೇಬಲ್ ಹಾಕಿ. ಎಣ್ಣೆ ಬಿಟ್ಟು ಆಡಿಸಿದರೆ ಕೆಲವು ದಿನ ಸರಿಯಿರುತ್ತದೆ, ಮತ್ತೆ ಹಿಡಿಯುತ್ತದೆ. ಕಳಚಿದ ಮೇಲೂ ಬಿಗಿಯಾಗಿದ್ದರೆ ಶೂ ಹೊಂದಿಸಿ: ಅಡ್ಜಸ್ಟರನ್ನು ಚಕ್ರ ನಿಲ್ಲುವವರೆಗೆ ಬಿಗಿಮಾಡಿ, ಶೂ ಡ್ರಮ್ಮಿಗೆ ಲಘುವಾಗಿ ಸವರುವ ಸದ್ದಷ್ಟೇ ಉಳಿಯುವವರೆಗೆ ಸಡಿಲಿಸಿ.

ಅದಾದ ಮೇಲೂ ಬಿಗಿ ಎಂದರೆ ಬೇರಿಂಗ್. ಕೋನಾಕಾರದ ರೋಲರ್ ಬೇರಿಂಗನ್ನು ಟ್ರೇಲರ್ ಕಟ್ಟುವವರು ಹೆಚ್ಚಾಗಿ ಅತಿ ಬಿಗಿ ಮಾಡುತ್ತಾರೆ, ಚಕ್ರ ಅಲ್ಲಾಡಬಾರದು ಎಂಬ ಭಯದಿಂದ. ಕ್ರಮ ಹೀಗೆ: ಚಕ್ರ ತಿರುಗಿಸುತ್ತಲೇ ನಟ್ಟನ್ನು ಸ್ಪ್ಯಾನರಿನಿಂದ ಬಿಗಿ ಮಾಡಿ, ರೋಲರುಗಳು ತಮ್ಮ ಜಾಗಕ್ಕೆ ಕೂರುತ್ತವೆ. ನಂತರ ನಟ್ಟನ್ನು ಪೂರ್ತಿ ಸಡಿಲಿಸಿ, ಬೆರಳಿನ ಬಲದಲ್ಲಿ ಮಾತ್ರ ಮತ್ತೆ ಬಿಗಿ ಮಾಡಿ. ನಟ್ಟು ಬಿಚ್ಚದಂತೆ ತಡೆಯುವ ಸ್ಪ್ಲಿಟ್ ಪಿನ್ನಿನ ತೂತು ಕೂಡಿಬರದಿದ್ದರೆ ಸಡಿಲದ ಕಡೆಗೆ ಹೊಂದಿಸಿ, ಬಿಗಿಯ ಕಡೆಗೆ ಬೇಡ. ಟೈರಿನ ಮೇಲ್ತುದಿ ಹಿಡಿದು ಅಲ್ಲಾಡಿಸಿದಾಗ ಗಮನವಿಟ್ಟರೆ ಮಾತ್ರ ಗೊತ್ತಾಗುವಷ್ಟು ಆಟ ಇರಬೇಕು. ಹಳೆಯ ಪಿನ್ ಮತ್ತೆ ಹಾಕಬೇಡಿ.

ಚಕ್ರಗಳು ಎರಡೂ ಸಲೀಸಾಗಿ ತಿರುಗುತ್ತವೆ, ಎಳೆತ ಮಾತ್ರ ಹೆಚ್ಚಿದೆ ಎಂದಾದರೆ ಚಕ್ರಗಳು ನೇರವಾಗಿಲ್ಲ. ಎರಡು ಅಳತೆ ಸಾಕು. ಒಂದು, ಎರಡೂ ಟೈರುಗಳ ನಡುವಿನ ಅಂತರವನ್ನು ಗುಂಬದ ಎತ್ತರದಲ್ಲಿ ಮುಂದೆ ಒಮ್ಮೆ, ಹಿಂದೆ ಒಮ್ಮೆ ಅಳೆಯಿರಿ. 3 ಮಿಮೀಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಟೈರುಗಳು ಉರುಳುವುದರ ಜೊತೆಗೆ ನೆಲವನ್ನು ಉಜ್ಜುತ್ತಿವೆ. ಟೈರಿನ ಹಲ್ಲುಗಳ ಮೇಲೆ ಅಂಗೈಯನ್ನು ಅಡ್ಡಡ್ಡಲಾಗಿ ಸವರಿದರೆ ಒಂದು ಕಡೆಗೆ ನುಣುಪು, ಎದುರು ಕಡೆಗೆ ಚೂಪು ತಗುಲುವುದು ಇದರ ಗುರುತು. ಅಚ್ಚಿಗೆ ಸ್ಟಬ್ (ಚಕ್ರ ಕೂರುವ ಗಿಡ್ಡ ತುದಿ) ಬೆಸೆಯುವಾಗ ಬೆಸುಗೆಯ ಶಾಖಕ್ಕೆ ಎಳೆದುಕೊಂಡಿದ್ದೇ ಸಾಮಾನ್ಯ ಕಾರಣ. ಎರಡು, ಕೊಂಡಿಯ ನಡುಬಿಂದುವಿನಿಂದ ಅಚ್ಚಿನ ಎಡ ತುದಿಗೂ ಬಲ ತುದಿಗೂ ದಾರ ಹಿಡಿದು ಅಳೆಯಿರಿ. ಇಲ್ಲಿ ವ್ಯತ್ಯಾಸವಿದ್ದರೆ ಟ್ರೇಲರ್ ಓರೆಯಾಗಿ ನಡೆಯುತ್ತದೆ. ಯು-ಬೋಲ್ಟ್ ಸಡಿಲಿಸಿ ಅಚ್ಚನ್ನು ಸರಿಸಿ ಮತ್ತೆ ಬಿಗಿ ಮಾಡಿ. ಸ್ಪ್ರಿಂಗಿನ ನಡು ಬೋಲ್ಟಿನ ತಲೆ ಅಚ್ಚಿನ ಪ್ಯಾಡಿನ ತೂತಿನಲ್ಲಿ ಕೂತಿದೆಯೇ ನೋಡಿ, ಅದು ತುಂಡಾಗಿದ್ದರೆ ಅಚ್ಚು ಎಷ್ಟು ಸಲ ಹೊಂದಿಸಿದರೂ ಜಾರುತ್ತದೆ.

ಟೈರ್ ಗಾಳಿಯನ್ನೂ ಮರೆಯಬೇಡಿ. ಗಟ್ಟಿ ರಸ್ತೆಗೆ 30ರಿಂದ 32 ಪಿಎಸ್‌ಐ ಇಟ್ಟರೆ ಎಳೆತ ಹಗುರ. ಮೆತ್ತನೆ ನೆಲದಲ್ಲಿ ಅದೇ ಗಾಳಿ ಟೈರನ್ನು ಮಣ್ಣಿಗೆ ಇಳಿಸುತ್ತದೆ, ಅಲ್ಲಿ 18ಕ್ಕೆ ಇಳಿಸಿ. ಒಂದು ಟೈರಿಗೆ ಬೀಳುವುದು 150 ಕೆಜಿಯೊಳಗಿನ ಭಾರ, ವೇಗವೂ ಕಡಿಮೆ, ಹಾಗಾಗಿ ಟೈರಿಗೆ ತೊಂದರೆಯಿಲ್ಲ.

ಇಷ್ಟೆಲ್ಲ ಸರಿಯಿದ್ದೂ ಕುದುರೆ ಸೋತರೆ ತೂಕವೇ ಹೆಚ್ಚಾಗಿದೆ. ಕುದುರೆ ದಿನವಿಡೀ ಬಿಡದೆ ಎಳೆಯಬಲ್ಲದ್ದು ತನ್ನ ಮೈತೂಕದ ಹತ್ತರಲ್ಲೊಂದು ಭಾಗದಷ್ಟು: 500 ಕೆಜಿಯ ಕುದುರೆಗೆ 50 ಕೆಜಿ ಎಳೆತ. ಜನ ಕೂತ ಬಂಡಿ 700, ಟ್ರೇಲರ್ 300, ಒಟ್ಟು 1000 ಕೆಜಿ ಎಂದುಕೊಳ್ಳಿ. ಜಲ್ಲಿ ರಸ್ತೆಯ ಮಟ್ಟದಲ್ಲಿ 25ರಿಂದ 30 ಕೆಜಿ ಬೇಕು. ನೂರು ಮೀಟರಿಗೆ 5 ಮೀಟರ್ ಏರಿದರೆ ಅದಕ್ಕೆ ಇನ್ನೂ 50 ಸೇರಿ 80 ಆಗುತ್ತದೆ. ಒಂಟಿ ಕುದುರೆಗೆ ಅದು ಚಿಕ್ಕ ಏರಿನಲ್ಲಿ ಮಾತ್ರ ಸಾಧ್ಯ, ಜೋಡಿಗೆ ನಿರಾತಂಕ. ಟ್ರೇಲರ್ ತೂಗುವುದು ಹೀಗೆ: ಒಂದು ಚಕ್ರದಡಿ ಮೈತೂಕದ ತ್ರಾಸು, ಇನ್ನೊಂದರಡಿ ಅಷ್ಟೇ ಎತ್ತರದ ಹಲಗೆ, ಮೂತಿಯನ್ನು ಮಟ್ಟವಾಗಿ ಸ್ಟ್ಯಾಂಡಿನ ಮೇಲಿಡಿ. ಆಮೇಲೆ ಚಕ್ರ ಬದಲಿಸಿ, ಕೊನೆಗೆ ಮೂತಿ. ಮೂರನ್ನೂ ಕೂಡಿಸಿ. ತೂಕ ಇಳಿಸಲು ಮೊದಲು ನೋಡಬೇಕಾದ್ದು ಪ್ಲೈವುಡ್. 18 ಮಿಮೀ ದಪ್ಪದ ಪೂರ್ಣ ಹಾಳೆ ಒಂದಕ್ಕೆ 30 ಕೆಜಿ ದಾಟುತ್ತದೆ, 9 ಮಿಮೀಯದ್ದು ಅದರರ್ಧ. ಅಡಿಯಲ್ಲಿ 40 ಸೆಂಟಿಮೀಟರಿಗೊಂದು ಅಡ್ಡಪಟ್ಟಿ ಇದ್ದರೆ ನೆಲಕ್ಕೆ 12 ಮಿಮೀ, ಗೋಡೆಗೆ 6 ಸಾಕು.

ಇಳಿಜಾರಿನಲ್ಲಿ ನೂಕುತ್ತದೆ

ಈ ಕೈಪಿಡಿಯಲ್ಲಿ ಜೀವಕ್ಕೆ ಸಂಬಂಧಿಸಿದ ಭಾಗ ಇದು. ನೂರಕ್ಕೆ 10ರ ಇಳಿಜಾರಿನಲ್ಲಿ 300 ಕೆಜಿಯ ಟ್ರೇಲರ್ ಬಂಡಿಯನ್ನು ಸುಮಾರು 24 ಕೆಜಿ ಬಲದಿಂದ ನೂಕುತ್ತದೆ. ಬ್ರೇಕ್ ಇಲ್ಲದಿದ್ದರೆ ಆ ಬಲವೂ ಬಂಡಿಯ ನೂಕುಬಲವೂ ಕೂಡಿ ಮೂಕಿಯ ಮೂಲಕ ಕುದುರೆಯ ಹಿಂತೊಡೆಯ ಪಟ್ಟಿಗೆ ಹೋಗುತ್ತವೆ. ತಿರುವಿನಲ್ಲಿ ಇನ್ನೂ ಕೆಟ್ಟದ್ದು: ಕೊಂಡಿ ಬಂಡಿಯ ಹಿಂಭಾಗವನ್ನು ಪಕ್ಕಕ್ಕೆ ತಳ್ಳುತ್ತದೆ, ಬಂಡಿ ಟ್ರೇಲರ್ ಎರಡೂ ಮಡಚಿಕೊಳ್ಳುತ್ತವೆ.

ಕಾರಿನ ಟ್ರೇಲರಿನಿಂದ ತೆಗೆದ, ನೂಕಿದಾಗ ತಾನೇ ಹಿಡಿಯುವ ಬ್ರೇಕ್ ಕೊಂಡಿಯನ್ನು ಹಲವರು ಹಾಕುತ್ತಾರೆ. ಅದು ಹಿಡಿಯುತ್ತಿಲ್ಲ ಎಂಬ ದೂರು ಬಂದರೆ ಕೊಂಡಿಯ ಮೇಲಿನ ಫಲಕದಲ್ಲಿ ಬರೆದ ತೂಕದ ವ್ಯಾಪ್ತಿ ಓದಿ. ಒಳಗಿನ, ಪೆಟ್ಟು ತಡೆಯುವ ಡ್ಯಾಂಪರ್ ಭಾರವಾದ ಟ್ರೇಲರಿಗೆ ಹೊಂದಿಸಿದ್ದಾದರೆ ನಿಮ್ಮ 24 ಕೆಜಿಯ ನೂಕು ಅದನ್ನು ಒಳಕ್ಕೆ ತಳ್ಳಲಾರದು. ಜೊತೆಗೆ ಕುದುರೆಯನ್ನು ಹಿಂದಕ್ಕೆ ನಡೆಸಿದಾಗ ಇದೇ ಬ್ರೇಕ್ ಹಿಡಿದುಕೊಂಡು ಕುದುರೆ ಹಿಂಗಾಲಿನ ಮೇಲೆ ಕುಸಿಯುವಂತೆ ಮಾಡುತ್ತದೆ. ನಮ್ಮ ಖಚಿತ ಅಭಿಪ್ರಾಯ: ಈ ಕೆಲಸಕ್ಕೆ ಚಾಲಕನ ಕೈಗೆಟಕುವ, ಎಳೆದಲ್ಲೇ ನಿಲ್ಲಿಸುವ ಹಲ್ಲುಪಟ್ಟಿಯಿರುವ ಸನ್ನೆಯಿಂದ (ಲಿವರ್) ಎಳೆಯುವ ಕೇಬಲ್ ಬ್ರೇಕೇ ಸರಿ.

ಅದರ ಪರೀಕ್ಷೆಗೆ ಮತ್ತೆ ಅದೇ ತ್ರಾಸು. ಮಟ್ಟ ನೆಲದಲ್ಲಿ ಸನ್ನೆಯನ್ನು ಅರ್ಧ ಎಳೆದು ನಿಲ್ಲಿಸಿ, ಟ್ರೇಲರನ್ನು ಎಳೆಯಿರಿ. ಚಕ್ರ ಹೊರಳುವ ಮೊದಲು ಕನಿಷ್ಠ 60 ಕೆಜಿ ತೋರಿಸಬೇಕು. ಕಡಿಮೆಯಾದರೆ ಒಂದು ಚಕ್ರ ಮಾತ್ರ ಹಿಡಿಯುತ್ತಿದೆಯೇ ಗಮನಿಸಿ. ಎರಡು ಕೇಬಲ್ಲಿಗೆ ಬಲ ಹಂಚುವ ಅಡ್ಡಪಟ್ಟಿ ಎಳೆದಾಗ ನೇರ ನಿಲ್ಲಬೇಕು, ಓರೆಯಾದರೆ ಎರಡು ಕೇಬಲ್ಲುಗಳ ಉದ್ದ ಸಮವಿಲ್ಲ. ಎರಡೂ ಸಮ, ಆದರೂ ಹಿಡಿತವಿಲ್ಲ ಎಂದರೆ ಡ್ರಮ್ ತೆರೆಯಿರಿ: ಒಳಸೀಲು ಸೋರಿ ಗ್ರೀಸ್ ಶೂಗೆ ತಗುಲಿರುತ್ತದೆ. ಗ್ರೀಸ್ ಹೀರಿದ ಶೂ ತೊಳೆದರೂ ಸರಿಯಾಗದು, ಬದಲಿಸಿ, ಸೀಲನ್ನೂ ಬದಲಿಸಿ.

ಬಲಕ್ಕೆ ತಿರುಗಿದಾಗ ಮಾತ್ರ, ಅಥವಾ ಎಡಕ್ಕೆ ಮಾತ್ರ, ಎಳೆತ ಬಿಗಿಯಾಗುತ್ತದೆ ಎಂಬ ದೂರೂ ಸಾಮಾನ್ಯ. ಬ್ರೇಕ್ ಕೇಬಲ್ ಕೊಂಡಿಯ ಪಕ್ಕದಲ್ಲಿ ಹಾದುಹೋಗಿದೆ ಎಂದರ್ಥ, ತಿರುವಿನಲ್ಲಿ ಅದು ಎಳೆದುಕೊಂಡು ಬ್ರೇಕ್ ಹಾಕುತ್ತದೆ. ಕೇಬಲ್ ಕೊಂಡಿಯ ಪಿನ್ನಿನ ನೆತ್ತಿಯ ಮೇಲೇ ದಾಟಬೇಕು, ಅಲ್ಲಿ ಹೊರಕೊಳವೆ ತುಂಡಾಗದೆ ಸಡಿಲ ಬಳೆಯಾಗಿ ಬಾಗಿರಬೇಕು.

ಇಳಿಯುವಾಗ ಮೊದಲು ಟ್ರೇಲರ್ ಬ್ರೇಕ್, ಆಮೇಲೆ ಬಂಡಿಯದು. ಹೀಗೆ ಮಾಡಿದರೆ ಕೊಂಡಿ ಸದಾ ಹಿಗ್ಗಿಯೇ ಇದ್ದು ಮಡಚುವ ಪ್ರಶ್ನೆ ಬರುವುದಿಲ್ಲ.

ಕೊಂಡಿಯ ಜಗ್ಗಾಟ, ಮೂತಿಯ ಭಾರ

ಕುದುರೆಯ ಪ್ರತಿ ಹೆಜ್ಜೆಗೂ ಹಿಂದಿನಿಂದ ಗುದ್ದಿದಂತಾದರೆ ಪಿನ್ ಮತ್ತು ಬಳೆಯ ನಡುವೆ ಆಟ ಹೆಚ್ಚಾಗಿದೆ. ಈ ಗುದ್ದೇ ದಿನ ಕಳೆದಂತೆ ಕೊರಳಪಟ್ಟಿಯಡಿ ಹುಣ್ಣಾಗುತ್ತದೆ. 2 ಮಿಮೀ ಆಟ ಸರಿ, 5 ದಾಟಿದರೆ ಬಳೆಗೆ ಪೊರೆ (ಬುಷ್) ಕೂರಿಸಿ ಅಥವಾ ಬಳೆಯನ್ನೇ ಬದಲಿಸಿ. ಬಳೆಯ ಹಿಂದೆ ದಪ್ಪ ರಬ್ಬರ್ ಬಿಲ್ಲೆ ಹಾಕಿದರೆ ಉಳಿದ ಪೆಟ್ಟೂ ಮೆತ್ತಗಾಗುತ್ತದೆ. ಒರಟು ದಾರಿಯಲ್ಲಿ ಬಂಡಿ ಒಂದು ಕಡೆಗೆ, ಟ್ರೇಲರ್ ಇನ್ನೊಂದು ಕಡೆಗೆ ವಾಲುವುದರಿಂದ ಸುತ್ತಲೂ ತಿರುಗಬಲ್ಲ ಕೊಂಡಿ ಬೇಕು. ಬರೀ ಅಡ್ಡ ಪಿನ್ ಇದ್ದರೆ ತಿರುಚುವ ಬಲವೆಲ್ಲ ಎಳೆದಂಡಕ್ಕೆ ಹೋಗುತ್ತದೆ.

ಮೂತಿಯ ಭಾರ ಒಟ್ಟು ತೂಕದ ನೂರಕ್ಕೆ 6ರಿಂದ 8, ಅಂದರೆ 18ರಿಂದ 24 ಕೆಜಿ. ಕಾರಿನ ಟ್ರೇಲರಿಗೆ ಹೇಳುವ ನೂರಕ್ಕೆ 10-15 ಇಲ್ಲಿ ಬೇಡ, ಅದು ಹೆದ್ದಾರಿ ವೇಗದ ಓಲಾಟ ತಡೆಯಲು ಇಟ್ಟ ಅಂಕಿ. ಹೆಚ್ಚಾದರೆ ಬಂಡಿಯ ಹಿಂಭಾಗ ತಗ್ಗಿ ಮುಂದಿನ ಚಕ್ರಗಳು ಹಗುರಾಗುತ್ತವೆ, ಮುಂದಿನ ಅಚ್ಚು ತಿರುಗಲೆಂದು ಕೂರಿಸಿದ ತಿರುಗುಮಣೆ ಲಟಲಟ ಎನ್ನುತ್ತದೆ. ಕಡಿಮೆಯಾದರೆ ಏರಿನಲ್ಲಿ ಮೂತಿ ಮೇಲೇಳುತ್ತದೆ: ಭಾರದ ಕೇಂದ್ರ ಅಚ್ಚಿಗಿಂತ 40 ಸೆಂಮೀ ಮೇಲಿದ್ದು ಕೊಂಡಿಯಿಂದ ಅಚ್ಚಿಗೆ 2.5 ಮೀಟರ್ ಇದ್ದರೆ, ನೂರಕ್ಕೆ 20ರ ಏರಿನಲ್ಲಿ ಸುಮಾರು 10 ಕೆಜಿ ಮೂತಿಯಿಂದ ಕಳೆದುಹೋಗುತ್ತದೆ. ಹೊಂದಿಸಲು ನೀರಿನ ಕ್ಯಾನ್ ಸಾಕು. 20 ಲೀಟರ್ ಕ್ಯಾನನ್ನು ಅರ್ಧ ಮೀಟರ್ ಮುಂದೆ ಸರಿಸಿದರೆ ಮೂತಿಗೆ 4 ಕೆಜಿ ಸೇರುತ್ತದೆ. ಕೊಂಡಿ ಬಿಚ್ಚುವ ಮೊದಲು ಚಕ್ರಕ್ಕೆ ಅಡೆ ಕೊಡಿ, ಒಳಗೆ ಹಿಂಭಾಗದಲ್ಲಿ ಯಾರೂ ಇಲ್ಲವೆಂದು ನೋಡಿ.

ತಿರುವಿನಲ್ಲಿ ಒಳಗೆ ಸರಿಯುತ್ತದೆ, ಮೂಲೆ ತಗುಲುತ್ತದೆ

ಟ್ರೇಲರ್ ಚಕ್ರ ತಿರುವಿನ ಒಳಗಿನ ಕಲ್ಲು, ಕಂಬ ಹತ್ತಿದರೆ ಎಳೆದಂಡ ಉದ್ದವಾಗಿದೆ. ಬಂಡಿಯ ಹಿಂದಿನ ಅಚ್ಚು 4 ಮೀಟರ್ ತ್ರಿಜ್ಯದಲ್ಲಿ ತಿರುಗುತ್ತಿದೆ, ಕೊಂಡಿ ಅದಕ್ಕಿಂತ 60 ಸೆಂಮೀ ಹಿಂದಿದೆ ಎನ್ನಿ. ಕೊಂಡಿಯಿಂದ ಟ್ರೇಲರ್ ಅಚ್ಚಿಗೆ 2.2 ಮೀಟರ್ ಇದ್ದರೆ ಟ್ರೇಲರ್ 60 ಸೆಂಮೀ ಒಳಗೆ ಸರಿಯುತ್ತದೆ. 3.2 ಮೀಟರ್ ಇದ್ದರೆ ಒಂದೂವರೆ ಮೀಟರ್. ತೀರಾ ಗಿಡ್ಡ ಮಾಡಿದರೆ ಟ್ರೇಲರಿನ ಮುಂದಿನ ಮೂಲೆ ಬಂಡಿಗೆ ಬಡಿಯುತ್ತದೆ. ಕೊಂಡಿಯಿಂದ ಟ್ರೇಲರಿನ ಮುಂದಿನ ಗೋಡೆಗೆ ಇರುವ ದೂರ, ಬಂಡಿಯ ಅರ್ಧ ಅಗಲಕ್ಕಿಂತ 15 ಸೆಂಮೀ ಹೆಚ್ಚಿರಲಿ: ಒಂದೂವರೆ ಮೀಟರ್ ಅಗಲದ ಬಂಡಿಗೆ 90 ಸೆಂಮೀ. ಹಿಂದಕ್ಕೆ ನಡೆಸುವುದು ಮಾತ್ರ ಬೇಡ. ಬಂಡಿಯ ತಿರುಗುಮಣೆ ಒಂದು, ಕೊಂಡಿ ಇನ್ನೊಂದು, ಹೀಗೆ ಎರಡು ಕಡೆ ಮಡಚುವ ಸಾಲನ್ನು ಕುದುರೆಯಿಂದ ನೇರ ಹಿಂದೆ ತಳ್ಳಿಸಲಾಗದು. ಬಿಚ್ಚಿ ಕೈಯಿಂದ ತಳ್ಳಿ.

ಸದ್ದು

ಕಣ್ಣುಪಟ್ಟಿ ಹಾಕಿದ ಕುದುರೆಗೆ ಹಿಂದಿನ ಸದ್ದಿನ ಮೂಲ ಕಾಣುವುದಿಲ್ಲ, ಹಾಗಾಗಿ ಸಣ್ಣ ಕಟಕಟವೂ ಬೆದರಿಕೆಯೇ. ಒಬ್ಬರು ಪಕ್ಕದಲ್ಲಿ ನಡೆಯುತ್ತಾ ಸದ್ದಿನ ಲಯ ಕೇಳಲಿ. 155/80 ಆರ್13 ಟೈರಿನ ಸುತ್ತಳತೆ ಸುಮಾರು 1.8 ಮೀಟರ್. ನಡಿಗೆಯಲ್ಲಿ ಸೆಕೆಂಡಿಗೆ ಒಂದರಂತೆ, ಪ್ರತಿ 1.8 ಮೀಟರಿಗೆ ಬರುವ ಸದ್ದು ಚಕ್ರದ್ದು: ಟೈರಿಗೆ ಸಿಕ್ಕ ಕಲ್ಲು, ಸಡಿಲ ವೀಲ್ ನಟ್, ಅಂಡಾಕಾರವಾದ ಡ್ರಮ್. ಕುದುರೆಯ ಹೆಜ್ಜೆಗೆ ಸರಿಯಾಗಿ ಬಂದರೆ ಕೊಂಡಿ. ಗುಂಡಿಯಲ್ಲಿ ಮಾತ್ರ ಬಂದರೆ ಸ್ಪ್ರಿಂಗಿನ ತುದಿ ಹಿಡಿಯುವ ಶ್ಯಾಕಲ್ಲಿನ ಪೊರೆ, ಸುರಕ್ಷತೆಯ ಸರಪಳಿ ಅಥವಾ ಒಳಗಿನ ಪಾತ್ರೆ. ಕೊಂಡಿಯಡಿ ಅಡ್ಡಹಾಯಿಸಿ ಕಟ್ಟಿದ ಎರಡು ಸರಪಳಿಗಳು ಪೂರ್ತಿ ತಿರುವಿಗೆ ಸಾಕಾಗುವಷ್ಟು ಸಡಿಲವಿರಲಿ, ನೆಲಕ್ಕೆ ತಾಗದಿರಲಿ, ಹಳೆಯ ಟ್ಯೂಬಿನ ತೋಳು ತೊಡಿಸಿ. ಖಾಲಿ ಟ್ರೇಲರ್ ಚೆಂಡಿನಂತೆ ಪುಟಿಯುತ್ತಿದ್ದರೆ ಸ್ಪ್ರಿಂಗ್ ಭಾರವಾದ ಗಾಡಿಯದ್ದು. ಮುಖ್ಯ ಪ್ಲೇಟನ್ನು ಮುಟ್ಟದೆ ಕೆಳಗಿನದೊಂದು ತೆಗೆಯಿರಿ, ಎರಡೂ ಬದಿಯಲ್ಲಿ ಒಂದೇ ರೀತಿ.

ಚೌಕಟ್ಟಿನ ಬಿರುಕು

ಬಾಗಿಲು ಒಮ್ಮೊಮ್ಮೆ ಮಾತ್ರ ಹಿಡಿದರೆ ಬಾಗಿಲನ್ನು ಹೆರೆಯಬೇಡಿ. ಅದರ ಚೌಕಟ್ಟಿನ ಎರಡು ಕರ್ಣಗಳನ್ನು ಅಳೆಯಿರಿ, ಆಮೇಲೆ ಒಂದು ಮೂಲೆಯಡಿ ಜಾಕ್ ಕೊಟ್ಟು ಮತ್ತೆ ಅಳೆಯಿರಿ. ವ್ಯತ್ಯಾಸ 5 ಮಿಮೀ ದಾಟಿದರೆ ಕೆಳಗಿನ ಚೌಕಟ್ಟು ತಿರುಚುತ್ತಿದೆ. ಮೊದಲು ಬಿರಿಯುವ ಜಾಗ ಎಳೆದಂಡ ಮುಂದಿನ ಅಡ್ಡಪಟ್ಟಿಗೆ ಕೂಡುವಲ್ಲಿ. ಬಣ್ಣದಲ್ಲಿ ಕೂದಲೆಳೆಯ ಗೆರೆ, ಅದರಿಂದ ಇಳಿದ ತುಕ್ಕಿನ ಕಲೆ ಅದರ ಸುಳಿವು. ಅನುಮಾನವಿದ್ದರೆ ಬಣ್ಣ ಕೆರೆದು ಸೀಮೆಎಣ್ಣೆ ಸವರಿ, ಹತ್ತು ನಿಮಿಷ ಬಿಟ್ಟು ಚೆನ್ನಾಗಿ ಒರೆಸಿ, ಸೀಮೆಸುಣ್ಣ ಉಜ್ಜಿ. ಬಿರುಕಿದ್ದರೆ ಒಳಗಿನ ಎಣ್ಣೆ ಬಿಳಿಯ ಮೇಲೆ ಕಪ್ಪು ಗೆರೆಯಾಗಿ ಮೂಡುತ್ತದೆ.

ಬಿರುಕಿನ ಮೇಲೆ ಬರೀ ಬೆಸುಗೆ ಎಳೆದರೆ ಅದರ ಪಕ್ಕದಲ್ಲೇ ಮತ್ತೆ ಬಿರಿಯುತ್ತದೆ. ಬಿರುಕಿನ ತುದಿಗೆ 4 ಮಿಮೀ ತೂತು ಕೊರೆದು, ಬಿರುಕಿನುದ್ದಕ್ಕೂ ತೋಡು ಕೊರೆದು ಬೆಸುಗೆ ತುಂಬಿ, ಮೇಲೆ ವಜ್ರಾಕಾರದ 4 ಮಿಮೀ ತಗಡು ಬೆಸೆಯಿರಿ. ಕೊಳವೆಗೆ ಅಡ್ಡಲಾಗಿ ನೇರ ಬೆಸುಗೆ ಬೀಳದಂತೆ ತಗಡಿನ ಅಂಚುಗಳು ಓರೆಯಾಗಿರಬೇಕು. ಹೊಸದಾಗಿ ಕಟ್ಟುವವರು ಎಳೆದಂಡವನ್ನು ಮುಂದಿನ ಪಟ್ಟಿಗಷ್ಟೇ ನಿಲ್ಲಿಸದೆ ಅಚ್ಚಿನವರೆಗೆ ಒಯ್ಯಲಿ, ಈ ಬಿರುಕಿನ ಗೋಜೇ ಇರುವುದಿಲ್ಲ.

ಒಳಗೆ ತೇವ

ಇದು ಮಳೆನೀರೋ ಉಸಿರಿನ ತೇವವೋ ಎಂದು ಮೊದಲು ತೀರ್ಮಾನವಾಗಲಿ. ಮುಚ್ಚಿದ ಪೆಟ್ಟಿಗೆಯಲ್ಲಿ ಇಬ್ಬರು ಮಲಗಿದರೆ ರಾತ್ರಿಗೆ ಅರ್ಧ ಲೀಟರಿಗೂ ಹೆಚ್ಚು ನೀರು ಉಸಿರಿನಿಂದ ಬರುತ್ತದೆ. ಮಳೆಯಿಲ್ಲದ ಬೆಳಿಗ್ಗೆಯೂ ಹಾಸಿಗೆಯ ಅಡಿ ಒದ್ದೆಯಿದ್ದರೆ ಅದೇ ಕಾರಣ: ಕೆಳಗೊಂದು, ಮೇಲೊಂದು ಗಾಳಿಕಿಂಡಿ ಇಡಿ, ಹಾಸಿಗೆಯಡಿ ಪಟ್ಟಿ ಕೊಟ್ಟು ಎತ್ತರಿಸಿ. ಮಳೆಯ ನಂತರ ಮಾತ್ರವಾದರೆ ಒಳಗೆ ಕೀಲುಗಳ ಉದ್ದಕ್ಕೂ ಸೀಮೆಸುಣ್ಣದ ಪುಡಿ ಸವರಿ, ಹೊರಗಿನಿಂದ ಪೈಪಿನ ನೀರನ್ನು ಕೆಳಗಿನ ಕೀಲಿನಿಂದ ಆರಂಭಿಸಿ ಮೇಲಕ್ಕೆ, ಒಂದೊಂದು ಜಾಗಕ್ಕೂ ಐದು ನಿಮಿಷ ಬಿಡಿ. ಮೇಲಿನಿಂದ ಆರಂಭಿಸಿದರೆ ನೀರು ಎಲ್ಲ ಕೀಲುಗಳ ಮೇಲೂ ಇಳಿದು ಯಾವುದು ಸೋರಿತೆಂದು ತಿಳಿಯದು. ಸೋರುವ ಕೀಲಿನ ಹಳೆ ಅಂಟನ್ನು ಪೂರ್ತಿ ಕೆರೆದು, ಮರ ಒಣಗಿದ ಮೇಲೆಯೇ ಹೊಸದು ಹಚ್ಚಿ. ನೆಲದ ಪ್ಲೈವುಡ್ಡಿನ ಅಂಚಿಗೆ ದಬ್ಬಳ ಚುಚ್ಚಿ ನೋಡಿ, ಬಲ ಹಾಕದೆ ಇಳಿದರೆ ಅಷ್ಟು ಭಾಗ ಕತ್ತರಿಸಿ ತೆಗೆದು ಹೊಸ ತುಂಡು ಕೂರಿಸಿ, ಕತ್ತರಿಸಿದ ಅಂಚಿಗೆ ಎರಡು ಸಲ ಎಪಾಕ್ಸಿ ಹಚ್ಚಿ.